ಜೀಪಿಗೆ ಅಗಲದ ಟೈರು: ಗಾಳಿ ಎಷ್ಟಿರಬೇಕು?



ಕೆಸರು ದಾರಿಗೆ ಅನುಕೂಲವೆಂದು ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪಿಗೆ ಅಗಲವಾದ ಚಕ್ರ, ಟೈರು ಹಾಕಿಸುವವರಿದ್ದಾರೆ. ಆಗ ಬಾಗಿಲ ಪಕ್ಕದ ಚೀಟಿಯಲ್ಲಿರುವ ಗಾಳಿಯ ಲೆಕ್ಕ ಸಲ್ಲದು. ಅದು ಜೀಪಿನೊಡನೆ ಬಂದ ಟೈರಿನದು. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಅಂಕಿ ಮೀರಬಾರದ ಮಿತಿಯೇ ಹೊರತು ತುಂಬಿಸತಕ್ಕ ಅಳತೆಯಲ್ಲ.

ಭಾರವನ್ನು ಹೊರುವುದು ಮುಖ್ಯವಾಗಿ ಗಾಳಿ. ದೊಡ್ಡ ಟೈರಿನಲ್ಲಿ ಗಾಳಿಗೆ ಜಾಗ ಹೆಚ್ಚಿರುವುದರಿಂದ ಸಾಮಾನ್ಯವಾಗಿ ಕಡಿಮೆ ಒತ್ತಡ ಸಾಕು. ಆದರೆ ಲಾರಿ ಜಾತಿಯ ಗಟ್ಟಿ ಟೈರಿಗೆ ಹೆಚ್ಚೇ ಬೇಕಾಗಬಹುದು. ಆದ ಕಾರಣ ಊಹೆ ಬೇಡ, ಭಾರ ತಿಳಿಯಿರಿ.

ಸಂತೆಗೆ ಹೋಗುವಷ್ಟು ಜನ, ಮೂಟೆ ಹೇರಿಕೊಂಡು ಲಾರಿ ತೂಗುವಲ್ಲಿ ಮುಂದಿನ ಜೋಡಿ ಚಕ್ರಗಳನ್ನು ಬೇರೆ, ಹಿಂದಿನವನ್ನು ಬೇರೆ ತೂಗಿಸಿ. ಹಿಂದೆ 1,000 ಕಿಲೋ ಬಂದರೆ ಒಂದು ಟೈರಿಗೆ 500 ಕಿಲೋ. ಅಷ್ಟು ಭಾರಕ್ಕೆ ಎಷ್ಟು ಪೌಂಡು ಗಾಳಿ ಎಂಬುದು ಆ ಟೈರು ತಯಾರಿಸಿದವರ ಪಟ್ಟಿಯಲ್ಲಿರುತ್ತದೆ. ಅಂಗಡಿಯಲ್ಲಿ ಕೇಳಿ ಪಡೆಯಿರಿ. ಬೆಳಿಗ್ಗೆ, ಓಡಿಸುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಿರಿ.

ಬಳಿಕ ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಸಮನಾದ ಟಾರು ರಸ್ತೆಯಲ್ಲಿ ನೇರವಾಗಿ ಸ್ವಲ್ಪ ದೂರ ಓಡಿಸಿ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು; ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಏನೇ ಆದರೂ ಪಟ್ಟಿಯ ಅಳತೆಗಿಂತ ಕೆಳಗಿಳಿಸಬೇಡಿ.

ಗಾಳಿ ಸಾಲದ ಟೈರು ವೇಗದಲ್ಲಿ ಕಾದು ಸಿಡಿಯಬಹುದು. ಹೆಚ್ಚಾದರೆ ಹಿಡಿತ ತಪ್ಪಿ ಜಾರಬಹುದು. ಕೆಸರು ದಾಟಲು ಗಾಳಿ ಇಳಿಸಿದ್ದರೆ ನಿಧಾನವಾಗಿ ಸಾಗಿ, ಟಾರು ರಸ್ತೆಯಲ್ಲಿ ವೇಗ ಹಿಡಿಯುವ ಮೊದಲು ತಪ್ಪದೆ ತುಂಬಿಸಿ. ಜೀಪಿನಲ್ಲಿ ಕುಳಿತವರು ನಿಮ್ಮ ಮನೆಯವರು, ನಿಮ್ಮ ಊರಿನವರು.