‘ಏಳು’ ಅಂದರೆ ‘ಎಂಟು’ ಅಂದಳು!

“ಏಳು ಪುಟ್ಟೀ, ಏಳು” ಎಂದು ಶಾಲೆಗೆ ಎಬ್ಬಿಸುತ್ತಿದ್ದೆ. ಹೊದಿಕೆಯೊಳಗಿಂದ ಉತ್ತರ ಬಂತು: “ಎಂಟು, ಒಂಬತ್ತು, ಹತ್ತು!” “ಹತ್ತೋದು ಆಮೇಲೆ, ಮೊದಲು ಮಂಚದಿಂದ ಇಳಿ” ಅಂದೆ. ಆರು ವರ್ಷದ ಮಗಳು ಬಿದ್ದು ಬಿದ್ದು ನಕ್ಕಳು.

ನೀವು ಕನ್ನಡದಲ್ಲಿ ಕೇಳಿದರೆ ಮಗು ಬೇರೆ ಭಾಷೆಯಲ್ಲಿ ಉತ್ತರಿಸುವುದು ನಿಮ್ಮ ಮನೆಯಲ್ಲೂ ಇರಬಹುದು. ಜರ್ಮನಿಯಲ್ಲಿರುವ ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಅದೇ ಕಥೆ. ಅಜ್ಜಿಯ ಜೊತೆ ಫೋನಿನಲ್ಲೂ “ಊಟ ಆಯ್ತು” ಅಂದರೆ ಮಾತು ಮುಗಿಯಿತು. ಹಾಗಾಗಿ ಆ ನಗು ಕೇಳಿ ನನಗೆ ಜೀವ ಬಂದಂತಾಯಿತು. ಎರಡು ಅರ್ಥಗಳೂ ಒಟ್ಟಿಗೇ ಹೊಳೆಯದೆ ಅಂಥ ನಗು ಬರುವುದಿಲ್ಲ. ಜರ್ಮನ್‌ಗೆ ಅನುವಾದಿಸಿದರೆ ಅಲ್ಲಿ ನಗುವುದಕ್ಕೆ ಏನೂ ಉಳಿಯುವುದಿಲ್ಲ.

ನಾವು ಹೈಸ್ಕೂಲಿನಲ್ಲಿ ಉರು ಹೊಡೆದ ಶ್ಲೇಷಾಲಂಕಾರ ಇದೇ. ಪದ ಇಡಿಯಾಗಿದ್ದೇ ಎರಡರ್ಥ ಕೊಟ್ಟರೆ ಅಭಂಗ, ಒಡೆದಾಗ ಕೊಟ್ಟರೆ ಸಭಂಗ. ಪುರಂದರದಾಸರು ರಾಗಿಯ ಕೀರ್ತನೆಯಲ್ಲಿ ಆಡಿದ್ದು ಎರಡನೆಯ ಆಟ. “ಜಾಣರಾಗಿ” ಅನ್ನಿ, ಕೊನೆಯಲ್ಲಿ ರಾಗಿ ಸಿಗುತ್ತದೆ! ಈಗ ನಮ್ಮಲ್ಲಿ ಮುದ್ದೆ ಉಣ್ಣುವಾಗಲೆಲ್ಲ ರಾಗಿಯ ಹುಡುಕಾಟ.

ಇಲ್ಲಿನ ಮಕ್ಕಳಿಗೆ ‘ಟೇಕೆಸ್ಸೆಲ್ಷೆನ್’ ಎಂಬ ಆಟವಿದೆ. ಹಾಗೆಂದರೆ ಪುಟ್ಟ ಟೀ ಕೆಟಲ್. ಇಬ್ಬರು ಎರಡರ್ಥದ ಪದವೊಂದನ್ನು ಗುಟ್ಟಾಗಿ ಆರಿಸಿಕೊಂಡು ಒಂದೊಂದು ಅರ್ಥ ವರ್ಣಿಸುತ್ತಾರೆ, ಉಳಿದವರು ಪದ ಊಹಿಸಬೇಕು. ಜರ್ಮನ್‌ನ ‘ಶ್ಲಾಸ್’ ಬೀಗವೂ ಹೌದು, ಅರಮನೆಯೂ ಹೌದು. ನಾವು ಅದನ್ನೇ ಕನ್ನಡಕ್ಕೆ ತಂದೆವು. “ನನ್ನ ಕೆಟಲ್ ಸೊಪ್ಪು ಮೇಯುತ್ತೆ.” “ನನ್ನ ಕೆಟಲ್ ಅಂದ್ರೆ ಪಾರ್ಕಿಗೆ ಓಡೋದು!” ಉತ್ತರ: ಆಡು. ಮುತ್ತು, ಕಾಡು, ಬೇಡ, ಹತ್ತಿ ಇವುಗಳಿಂದ ನೀವೂ ಶುರು ಮಾಡಬಹುದು. ಅರ್ಥ ವಿವರಿಸಲು ಮಾತ್ರ ಹೋಗಬೇಡಿ, ಆಟ ಕೆಡುತ್ತದೆ. ತಪ್ಪಿದರೂ ತಿದ್ದಬೇಡಿ. ಮೊನ್ನೆ “ಹಾಲು ಹಾಳು” ಎಂದು ಅವಳೇ ಕಟ್ಟಿದಳು. ಶ್ಲೇಷೆಯಲ್ಲ, ಬಿಡಿ. ಆದರೆ ನಾನು ತಿದ್ದಿ ತಿದ್ದಿ ಸೋತಿದ್ದ ಲ ಮತ್ತು ಳ ಎರಡೂ ಸ್ಪಷ್ಟವಾಗಿದ್ದವು.

ಕಳೆದ ಭಾನುವಾರ ಅಜ್ಜಿಗೂ ಸವಾಲು ಹೋಯಿತು. ಅವರು ತಿರುಗಿ ಕೇಳಿದರು: “ನನ್ನ ಕೆಟಲ್ ಮಳೆಗಾಲದಲ್ಲಿ ಹೊಳೆಗೆ ಬರುತ್ತೆ, ಪಕ್ಕದ ಮನೇಲೂ ಇದೆ, ನನ್ನ ತಲೆ ಮೇಲೂ ಇದೆ. ಏನು ಹೇಳು?” ಉತ್ತರ ಮುಂದಿನ ವಾರ ಎಂದು ಫೋನ್ ಇಟ್ಟೇಬಿಟ್ಟರು.

‘ನೆರೆ’ ಎಂದು ನನಗೆ ಹೊಳೆದದ್ದು ಬುಧವಾರ, ಲ್ಯಾಬಿನಲ್ಲಿ. ಮಗಳಿಗೆ ಇನ್ನೂ ಹೇಳಿಲ್ಲ. ದಿನಕ್ಕೆರಡು ಸಲ ಅವಳೇ ಅಜ್ಜಿಗೆ ಫೋನ್ ಮಾಡುತ್ತಿದ್ದಾಳೆ.