ಹೆಸರು ಮುಚ್ಚಿ ರುಚಿ ನೋಡುವವರು

ನಮ್ಮ ಪತ್ರಿಕೆಯ ಪುಟಗಳಲ್ಲಿ ಬಿಯರಿನ ವಿಷಯವೇ ಎಂದು ಕೆಲವರು ವಾಚಕರು ಹುಬ್ಬೇರಿಸಿಯಾರು. ಅವರ ಆಕ್ಷೇಪಣೆಯು ನ್ಯಾಯವಾದುದೇ. ಊರಿಗೆ ಕಳುಹಿಸಬೇಕಾದ ಸಂಬಳವನ್ನು ಸಂಜೆಯ ಗ್ಲಾಸಿನಲ್ಲಿ ಕರಗಿಸಿ, ತಿಂಗಳ ಕೊನೆಗೆ ಜೊತೆಯ ಕೆಲಸಗಾರರ ಮುಂದೆ ಕೈಚಾಚಿದ ಬಂಧುಗಳನ್ನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾನೂ ಕಂಡಿದ್ದೇನೆ. ಆದುದರಿಂದ ಕುಡಿತವನ್ನು ಹೊಗಳಲು ಲೇಖನಿಯನ್ನು ಹಿಡಿದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬಿಯರನ್ನು ಸ್ವಂತ ಕೈಯಿಂದ ತಯಾರಿಸುವವರ ಒಂದು ಬಳಗವು ತನ್ನೊಳಗೆ ನಡೆಸಿಕೊಂಡು ಬಂದಿರುವ ಸ್ಪರ್ಧೆಗಳ ಕ್ರಮವನ್ನು ಓದಿ ತಿಳಿದಾಗ, ಅದು ನಮ್ಮ ಹೋಟೆಲುಗಳ ಅಡುಗೆಮನೆಗೆ ಬಹಳ ಹತ್ತಿರದ ವಿಷಯವೆಂದು ನನಗೆ ತೋರಿತು. ಹಾಗೆ ತೋರುವುದಕ್ಕೆ ನನ್ನದೇ ಒಂದು ಹಳೆಯ ತಪ್ಪು ಕಾರಣವಾಗಿದೆ. ಅದನ್ನು ಕೊನೆಯಲ್ಲಿ ಒಪ್ಪಿಸುತ್ತೇನೆ.

ಬಿಯರೆಂದರೇನೆಂಬುದನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಬೇಕು. ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗಾಗಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುಡಿ ಮಾಡುತ್ತಾರಷ್ಟೆ. ಬಾರ್ಲಿಯನ್ನು ಇದೇ ರೀತಿ ಮೊಳಕೆ ಬರಿಸಿ ಒಣಗಿಸಿದರೆ ಅದೇ ಮಾಲ್ಟು. ಅದನ್ನು ತರಿಯಾಗಿ ಒಡೆದು, ಸುಮಾರು ೬೫ರಿಂದ ೬೮ ಡಿಗ್ರಿ ಸೆಂಟಿಗ್ರೇಡು ಶಾಖದ ನೀರಿನಲ್ಲಿ ಒಂದು ಗಂಟೆಯ ಕಾಲ ಇಟ್ಟರೆ, ಕಾಳಿನೊಳಗಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ನೀರು ಸಿಹಿಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳನ್ನು ಹಾಕಿ ಒಂದು ಗಂಟೆಯಷ್ಟು ಹೊತ್ತು ಕುದಿಸಿ, ಬೇಗನೆ ಆರಿಸಿ, ಯೀಸ್ಟನ್ನು ಸೇರಿಸುತ್ತಾರೆ. ಯೀಸ್ಟು ಆ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಹೊರಬಿಡುತ್ತದೆ. ಏಲ್ ಎಂಬ ಜಾತಿಯ ಬಿಯರು ೨೦ ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ವಾರಗಳಲ್ಲಿ ಹುದುಗುತ್ತದೆ. ಲಾಗರ್ ಎಂಬ ಜಾತಿಯದು ಅದಕ್ಕಿಂತ ತಣ್ಣಗಿನ ಸ್ಥಳದಲ್ಲಿ ಇನ್ನೂ ಹೆಚ್ಚು ವಾರಗಳ ಕಾಲ ನಿಲ್ಲಬೇಕು.

ನಮ್ಮ ಇಡ್ಲಿಯ ಹಿಟ್ಟಿನಲ್ಲಿ ಮದ್ಯದ ಪ್ರಶ್ನೆಯಿಲ್ಲ. ಅಲ್ಲಿ ಕೆಲಸ ಮಾಡುವವು ಮುಖ್ಯವಾಗಿ ಹುಳಿ ಬರಿಸುವ ಬೇರೆ ಸೂಕ್ಷ್ಮಜೀವಿಗಳು. ಆದರೂ ಎರಡೂ ಕಡೆ ಕಸುಬಿನ ಸ್ವರೂಪ ಒಂದೇ. ರಾತ್ರಿ ಮುಚ್ಚಿಟ್ಟ ಪಾತ್ರೆಯೊಳಗೆ ಕಣ್ಣಿಗೆ ಕಾಣದ ಜೀವಿಗಳು ದುಡಿಯಬೇಕು. ಹವೆ, ನೀರು, ಧಾನ್ಯ, ಪಾತ್ರೆಯ ಶುಚಿ, ಕೊಟ್ಟ ಹೊತ್ತು, ಇವುಗಳಲ್ಲಿ ಯಾವುದೊಂದು ಕೆಟ್ಟರೂ ಬೆಳಿಗ್ಗೆ ಮುಚ್ಚಳ ತೆಗೆದಾಗ ಫಲ ಕೆಟ್ಟಿರುತ್ತದೆ. ಹಿಟ್ಟಿನ ಭಟ್ಟರಾಗಿ ದುಡಿದ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಆ ಬಳಗದ ಕಥೆ. ಅಮೆರಿಕಾ ದೇಶದಲ್ಲಿ ೧೯೨೦ರಲ್ಲಿ ಜಾರಿಗೆ ಬಂದ ಪಾನನಿರೋಧವು ೧೯೩೩ರಲ್ಲಿ ರದ್ದಾಯಿತು. ಆಗ ಮನೆಯಲ್ಲಿ ದ್ರಾಕ್ಷಾರಸವನ್ನು ತಯಾರಿಸಲು ಕಾನೂನು ಅನುಮತಿಯಿತ್ತಿತೇ ಹೊರತು ಬಿಯರಿಗೆ ಅನುಮತಿ ದೊರೆಯಲಿಲ್ಲ. ಊರೂರುಗಳಲ್ಲಿದ್ದ ಸಣ್ಣ ಬಿಯರು ತಯಾರಕರು ಒಬ್ಬೊಬ್ಬರಾಗಿ ಅಳಿದು, ೧೯೭೦ರ ದಶಕದ ಕೊನೆಯ ಹೊತ್ತಿಗೆ ಆ ವಿಶಾಲ ದೇಶದಲ್ಲಿ ಉಳಿದಿದ್ದ ಬ್ರೂವರಿಗಳ ಸಂಖ್ಯೆ ನೂರಕ್ಕಿಂತ ಕಡಿಮೆ. ದೊಡ್ಡ ಕಂಪೆನಿಗಳು ತಯಾರಿಸಿದ ಒಂದೇ ಬಗೆಯ ತಿಳಿ ಬಿಯರೇ ಎಲ್ಲೆಡೆಯಲ್ಲಿಯೂ ದೊರೆಯುತ್ತಿತ್ತು. ೧೯೬೫ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಎಂಬಾತನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಚ್ಚುವ ಸ್ಥಿತಿಯಲ್ಲಿದ್ದ ಆಂಕರ್ ಎಂಬ ಹಳೆಯ ಬ್ರೂವರಿಯನ್ನು ಕೊಂಡು ಉಳಿಸಿದನು. ೧೯೭೬ರಲ್ಲಿ ಜ್ಯಾಕ್ ಮೆಕಾಲಿಫ್ ಎಂಬಾತನು ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಸಣ್ಣ ಬ್ರೂವರಿಯನ್ನು ಕಟ್ಟಿದನು. ಇದಕ್ಕೆ ಮುನ್ನವೇ, ೧೯೭೪ರಲ್ಲಿ, ಲಾಸ್ ಏಂಜಲೀಸಿನಲ್ಲಿ ಮನೆಯಲ್ಲಿಯೇ ಬಿಯರು ತಯಾರಿಸುವವರ ಸಂಘವೊಂದು ಹುಟ್ಟಿಕೊಂಡಿತ್ತು.

೧೯೭೮ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರು ಹೊಸ ಕಾನೂನಿಗೆ ಸಹಿ ಹಾಕಿದರು. ಪ್ರಾಯಕ್ಕೆ ಬಂದ ಒಬ್ಬನು ವರ್ಷಕ್ಕೆ ೧೦೦ ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇರುವ ಕುಟುಂಬ ೨೦೦ ಗ್ಯಾಲನ್ ಬಿಯರನ್ನು ಸ್ವಂತಕ್ಕಾಗಿ ತೆರಿಗೆಯಿಲ್ಲದೆ ತಯಾರಿಸಬಹುದೆಂದಾಯಿತು, ಮಾರುವಂತಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕೊಲೊರಾಡೋ ಸಂಸ್ಥಾನದ ಬೋಲ್ಡರ್ ಎಂಬ ಊರಿನಲ್ಲಿ ಚಾರ್ಲಿ ಪಪೇಜಿಯನ್ ಎಂಬ ಶಾಲಾ ಮಾಸ್ತರನು ಚಾರ್ಲಿ ಮ್ಯಾಟ್ಜೆನ್ ಎಂಬ ಮಿತ್ರನೊಡನೆ ಇಂಥವರ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದನು. ಸಂಘ ಹುಟ್ಟಿದಾಗಲೇ ಅದರ ಪತ್ರಿಕೆಯೂ ಹುಟ್ಟಿತು. ಪತ್ರಿಕೆಗೆ ‘ಝೈಮರ್ಜಿ’ ಎಂದು ಹೆಸರಿಟ್ಟರು; ಹುದುಗಿಸುವ ವಿದ್ಯೆ ಎಂದು ಅದರ ಅರ್ಥ. ೧೯೭೯ರಲ್ಲಿ ಸಂಘದ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಈಗ ಆ ಸ್ಪರ್ಧೆಗೆ ಸಾವಿರಾರು ಬಿಯರುಗಳು ಬರುತ್ತವೆ. ಆ ದೇಶದ ಬ್ರೂವರಿಗಳ ಸಂಖ್ಯೆಯೂ ೨೦೨೩ರ ಹೊತ್ತಿಗೆ ಒಂಬತ್ತು ಸಾವಿರವನ್ನು ದಾಟಿತ್ತು. ಇವುಗಳ ಸ್ಥಾಪಕರಲ್ಲಿ ಅನೇಕರು ಮೊದಲು ಮನೆಯ ಒಲೆಯ ಮೇಲೆ ಪಾತ್ರೆಯಿಟ್ಟು ಕಲಿತವರೇ.

ಈ ಬಳಗದ ಸ್ಪರ್ಧೆ ನಡೆಯುವ ರೀತಿಯನ್ನು ನಮ್ಮವರು ಗಮನವಿಟ್ಟು ಓದಬೇಕು. ಸ್ಪರ್ಧಿಯು ತನ್ನ ಬಿಯರನ್ನು ಚೀಟಿಯಿಲ್ಲದ ಬೋಳು ಶೀಷೆಯಲ್ಲಿ ಕಳುಹಿಸಬೇಕು. ಮುಚ್ಚಳದ ಮೇಲೆ ಅಕ್ಷರಗಳಿದ್ದರೆ ಅವನ್ನೂ ಮಸಿಯಿಂದ ಮುಚ್ಚಬೇಕು. ಒಳಗೆ ಬಂದ ಮೇಲೆ ಶೀಷೆಗೆ ಒಂದು ಸಂಖ್ಯೆ ಮಾತ್ರ. ತಯಾರಿಸಿದವನು ಲಕ್ಷಾಧೀಶನೋ ಗುಮಾಸ್ತನೋ ಪರೀಕ್ಷಕರಿಗೆ ತಿಳಿಯುವಂತಿಲ್ಲ. ತಾನು ಸ್ಪರ್ಧಿಸಿರುವ ವರ್ಗದಲ್ಲಿ ಯಾರೂ ಪರೀಕ್ಷಕನಾಗುವಂತಿಲ್ಲ. ಶೀಷೆಗಳನ್ನು ಹೊರಗಿನ ಕೋಣೆಯಿಂದ ತಂದು ಕೊಡುವವರಿಗೆ ಅಲ್ಲಿಯೂ ಸ್ಟೀವರ್ಡರೆಂದೇ ಹೆಸರು. ನಮ್ಮ ಹೋಟೆಲುಗಳಲ್ಲಿ ಅದು ಟೇಬಲು ನೋಡಿಕೊಳ್ಳುವವನ ಹುದ್ದೆ. ಅಲ್ಲಿ ಸ್ಪರ್ಧೆಯ ಪ್ರಾಮಾಣಿಕತೆಯೇ ಅವರ ಕೈಯಲ್ಲಿದೆ.

ಒಂದೊಂದು ಬಿಯರಿಗೂ ಕಡಿಮೆಯೆಂದರೆ ಇಬ್ಬರು ಪರೀಕ್ಷಕರು. ೧೯೮೫ರಿಂದ ಪರೀಕ್ಷಕರಿಗೇ ಒಂದು ಪರೀಕ್ಷೆಯನ್ನು ಏರ್ಪಡಿಸಿ, ತೇರ್ಗಡೆಯಾದವರಿಗೆ ದರ್ಜೆಗಳನ್ನು ಕೊಡುವ ವ್ಯವಸ್ಥೆ ಬಂದಿದೆ. ಒಟ್ಟು ಅಂಕಗಳು ೫೦. ಪರಿಮಳಕ್ಕೆ ೧೨, ನೋಟಕ್ಕೆ ೩, ರುಚಿಗೆ ೨೦, ಬಾಯಿಗೆ ತಗಲುವ ಹದಕ್ಕೆ ೫, ಒಟ್ಟು ಅಭಿಪ್ರಾಯಕ್ಕೆ ೧೦. ನೋಟಕ್ಕೆ ಕೇವಲ ಮೂರೇ ಅಂಕಗಳೆಂಬುದನ್ನು ಹೊಳಪಿನ ಗಾಜು ಹಾಕಿಸಿ ಸಾಂಬಾರನ್ನು ಮರೆತಿರುವ ಮಾಲೀಕರು ಗಮನಿಸಲಿ. ಪ್ರತಿಯೊಬ್ಬ ಪರೀಕ್ಷಕನೂ ಪಕ್ಕದವನೊಡನೆ ಮಾತನಾಡುವ ಮೊದಲೇ ತನ್ನ ಅಭಿಪ್ರಾಯವನ್ನು ಕಾಗದದ ಮೇಲೆ ಬರೆಯಬೇಕು. ಇಬ್ಬರ ಅಂಕಗಳ ನಡುವೆ ಬಹಳ ಅಂತರ ಬಂದರೆ ಮಾತ್ರ ಚರ್ಚಿಸಿ ಹತ್ತಿರ ತರುತ್ತಾರೆ.

ಇದೆಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ, ಸ್ಪರ್ಧೆ ಮುಗಿದ ಮೇಲೆ ಆ ಕಾಗದವು ತಯಾರಿಸಿದವನಿಗೆ ಹಿಂದಿರುಗುತ್ತದೆ. ಪದಕವು ಬಂದರೂ ಬಾರದಿದ್ದರೂ ಕಾಗದವು ಬರುತ್ತದೆ. ‘ಚೆನ್ನಾಗಿಲ್ಲ’ ಎಂದು ಬರೆದು ಕೈತೊಳೆದುಕೊಂಡವನನ್ನು ಒಳ್ಳೆಯ ಪರೀಕ್ಷಕನೆಂದು ಆ ಬಳಗದವರು ಎಣಿಸುವುದಿಲ್ಲ. ದೋಷವನ್ನು ಹೇಳುವವನು ಅದರ ಕಾರಣವನ್ನೂ ಹೇಳಬೇಕು. ಬೆಣ್ಣೆಯ ವಾಸನೆ ಇದ್ದರೆ, ಯೀಸ್ಟು ಕೆಲಸವನ್ನು ಪೂರೈಸುವ ಮೊದಲೇ ಅವಸರ ಮಾಡಿರಬಹುದು. ಹಸಿ ಸೇಬಿನ ವಾಸನೆಯಿದ್ದರೆ ಬಿಯರು ಇನ್ನೂ ಎಳೆಯದು. ಬೇಯಿಸಿದ ಮೆಕ್ಕೆಜೋಳದ ವಾಸನೆಯಿದ್ದರೆ ಕುದಿ ಸಾಲದು. ಒದ್ದೆ ರಟ್ಟಿನ ರುಚಿಯಿದ್ದರೆ ಗಾಳಿ ಸೇರಿದೆ. ಬೇಡದ ಹುಳಿಯಿದ್ದರೆ ಪಾತ್ರೆಯ ಶುಚಿಯನ್ನು ನೋಡಿಕೊಳ್ಳಬೇಕು. ಹೀಗೆ ಕಾಗದವು ಮನುಷ್ಯನನ್ನು ಬಯ್ಯದೆ ತಪ್ಪಿದ ಹೆಜ್ಜೆಯನ್ನು ತೋರಿಸುತ್ತದೆ. ಮುಂದಿನ ಸಲ ಅವನು ಆ ಹೆಜ್ಜೆಯನ್ನು ತಿದ್ದಿಕೊಳ್ಳುತ್ತಾನೆ.

ಈ ನ್ಯಾಯವು ಒಂದೇ ದಿನದಲ್ಲಿ ಏರ್ಪಟ್ಟದ್ದಲ್ಲ. ಅದೇ ಪಪೇಜಿಯನ್‌ನ ಪ್ರಯತ್ನದಿಂದ ೧೯೮೨ರಲ್ಲಿ ಬೋಲ್ಡರಿನ ಒಂದು ಹೋಟೆಲಿನಲ್ಲಿ ಮೊದಲ ಮಹಾ ಅಮೆರಿಕನ್ ಬಿಯರು ಉತ್ಸವ ನಡೆಯಿತು. ಸೇರಿದವರು ಸುಮಾರು ಎಂಟು ನೂರು ಮಂದಿ. ಮೊದಮೊದಲು ಅಲ್ಲಿ ಉತ್ತಮ ಬಿಯರನ್ನು ಆರಿಸುತ್ತಿದ್ದದ್ದು ಬಂದವರ ಮತಗಳಿಂದ. ಮತವನ್ನು ಸೆಳೆಯುವ ಕಲೆ ಬೇರೆ, ಬಿಯರನ್ನು ತಯಾರಿಸುವ ಕಲೆ ಬೇರೆ ಎಂಬುದು ಬೇಗನೆ ಮನವರಿಕೆಯಾಯಿತು. ೧೯೮೭ರಲ್ಲಿ ಹೆಸರು ಮುಚ್ಚಿ ರುಚಿ ನೋಡುವ ತಜ್ಞರ ಮಂಡಲಿಯನ್ನು ನೇಮಿಸಿದರು. ಕೆಲವೇ ವರ್ಷಗಳಲ್ಲಿ ಮತದ ಪದ್ಧತಿ ನಿಂತುಹೋಯಿತು. ಒಂದು ವರ್ಗದಲ್ಲಿ ಯೋಗ್ಯವಾದುದು ಇಲ್ಲವೆಂದು ಕಂಡರೆ ಚಿನ್ನದ ಪದಕವನ್ನು ಯಾರಿಗೂ ಕೊಡದೆ ಬಿಡುವ ಅಧಿಕಾರವೂ ಆ ಮಂಡಲಿಗಿದೆ.

ಸ್ಪರ್ಧೆಯಿದ್ದ ಮಾತ್ರಕ್ಕೆ ಮತ್ಸರವಿರಬೇಕಾಗಿಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ಬೋಲ್ಡರಿನ ಏವರಿ ಎಂಬ ಬ್ರೂವರಿಯೂ ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಎಂಬ ಬ್ರೂವರಿಯೂ ತಮ್ಮ ತಮ್ಮ ಒಂದೊಂದು ಬಿಯರಿಗೆ ‘ಸಾಲ್ವೇಶನ್’, ಅಂದರೆ ಮುಕ್ತಿ, ಎಂಬ ಒಂದೇ ಹೆಸರನ್ನು ಇಟ್ಟಿದ್ದವು. ಒಂದೇ ಹೆಸರಿನ ಎರಡು ಹೋಟೆಲುಗಳು ಎದುರುಬದುರಾಗಿ ನಿಂತಾಗ ನಮ್ಮಲ್ಲಿ ಏನಾಗುತ್ತದೆಂಬುದನ್ನು ವಕೀಲರ ಗುಮಾಸ್ತರಾಗಿರುವ ನಮ್ಮ ವಾಚಕರು ಬಲ್ಲರು. ಈ ಇಬ್ಬರು ಯಜಮಾನರಾದರೋ ಕೋರ್ಟಿಗೆ ಹೋಗಲಿಲ್ಲ. ಎರಡು ಬಿಯರುಗಳನ್ನೂ ಬೆರೆಸಿ, ‘ವ್ಯಾಜ್ಯವಲ್ಲ, ಸಹಯೋಗ’ ಎಂಬ ಅರ್ಥದ ಹೆಸರಿಟ್ಟು ೨೦೦೬ರಲ್ಲಿ ಹೊರತಂದರು. ೨೦೧೮ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಭೀಕರವಾದ ಕಾಳ್ಗಿಚ್ಚು ಎದ್ದಾಗ, ಅಲ್ಲಿಯ ಸಿಯೆರ್ರಾ ನೆವಾಡಾ ಎಂಬ ಬ್ರೂವರಿಯು ಒಂದು ಬಿಯರಿನ ಕ್ರಮವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಸಾವಿರಕ್ಕೂ ಮಿಕ್ಕಿದ ಬ್ರೂವರಿಗಳು ಅದೇ ಬಿಯರನ್ನು ತಯಾರಿಸಿ ಸಂತ್ರಸ್ತರ ನಿಧಿಗೆ ಹಣ ಕೂಡಿಸಿದವು. ಎಲ್ಲರೂ ಬಾಳಿದರೆಂದಲ್ಲ. ನ್ಯೂ ಆಲ್ಬಿಯನ್ ೧೯೮೨ರಲ್ಲಿಯೇ ಮುಚ್ಚಿತು. ಆಂಕರ್ ಕೂಡ ೨೦೨೩ರಲ್ಲಿ ಬಾಗಿಲು ಹಾಕಿತು. ಆದರೆ ಅವರಿಂದ ಕಸುಬನ್ನು ಕಲಿತವರು ಉಳಿದಿದ್ದಾರೆ.

ನಮ್ಮ ದೇಶದಲ್ಲಿ ಬಿಯರಿನ ಉದ್ಯಮವು ಹಳೆಯದಾದರೂ ಈ ಬಗೆಯ ಸಣ್ಣ ತಯಾರಿಕೆ ಇತ್ತೀಚಿನದು. ೨೦೦೯ರಲ್ಲಿ ಪುಣೆಯಲ್ಲಿ ಡೂಲಾಲಿ ಎಂಬ ಸಣ್ಣ ಬ್ರೂವರಿಯು ಪ್ರಾರಂಭವಾಯಿತು. ನಾಸಿಕದ ಬಳಿಯ ದೇವಲಾಲಿಯ ದಂಡಿನಲ್ಲಿ ಹಡಗಿಗಾಗಿ ಕಾದು ಕಾದು ತಲೆಕೆಟ್ಟ ಬಿಳಿಯ ಸಿಪಾಯಿಗಳಿಂದ ಇಂಗ್ಲಿಷಿಗೆ ಬಂದ ಶಬ್ದವದು. ಅನಂತರ ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಇಂತಹವು ಹೆಚ್ಚಿದವು. ಮಾವಿನ ಕಾಲದಲ್ಲಿ ಮಾವಿನ ರಸವನ್ನು ಸೇರಿಸಿ ತಯಾರಿಸುವವರೂ ಇದ್ದಾರೆ. ನಮ್ಮ ಹುಡುಗರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಮೆರಿಕದವರಂತೆ ಕೋಣೆಯಲ್ಲಿ ಪಾತ್ರೆಯಿಟ್ಟು ಪ್ರಯೋಗ ಮಾಡಹೊರಡಬೇಡಿರಿ. ಮಹಾರಾಷ್ಟ್ರದಲ್ಲಿ ೧೯೪೯ರ ಮದ್ಯನಿಷೇಧ ಕಾನೂನಿನಂತೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ.

ಈಗ ನನ್ನ ತಪ್ಪಿನ ಮಾತು. ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟು ಬಂದ ನಾನು, ಗ್ಲಾಸು ತೊಳೆಯುವುದರಿಂದ ಮೊದಲ್ಗೊಂಡು ಗಲ್ಲಾದ ಹಿಂದೆ ಕೂಡುವವರೆಗೆ ಎಲ್ಲ ಕೆಲಸಗಳನ್ನೂ ಮಾಡಿದವನು. ಸ್ವಂತ ಹೋಟೆಲು ತೆರೆದ ಮೂರನೆಯ ವರ್ಷ, ಜನವರಿ ತಿಂಗಳಲ್ಲಿ, ಇಡ್ಲಿಯು ಕಲ್ಲಾಗತೊಡಗಿತು. ಹಿಟ್ಟಿನ ಕೆಲಸಕ್ಕೆ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಗಿರಾಕಿಯೊಬ್ಬರು ತಟ್ಟೆಯನ್ನು ಹಿಂದಕ್ಕೆ ಕಳುಹಿಸಿದ ದಿನ ಅವರನ್ನು ಎಲ್ಲರ ಮುಂದೆ ಗದರಿಸಿದೆ. ‘ಬೇಳೆಯನ್ನು ನೋಡಿ ಧಣಿ’ ಎಂದು ಅವರು ಒಂದೇ ಮಾತು ಹೇಳಿದರು. ನಾನು ನೋಡಲಿಲ್ಲ. ತಿಂಗಳ ಕೊನೆಗೆ ಅವರು ಲೆಕ್ಕ ಚುಕ್ತಾ ಮಾಡಿಕೊಂಡು ಹೊರಟುಹೋದರು. ಹೊಸಬನು ಬಂದ ಮೇಲೆಯೂ ಇಡ್ಲಿ ಉಬ್ಬಲಿಲ್ಲ. ಕಡೆಗೆ ಉಗ್ರಾಣದಲ್ಲಿ ಹುಡುಕಿದಾಗ ಕಾರಣ ಸಿಕ್ಕಿತು. ಕಿಲೋಗೆ ಕೆಲವು ರೂಪಾಯಿ ಅಗ್ಗವೆಂದು ಹಳೆಯ ದಾಸ್ತಾನಿನ ಉದ್ದಿನಬೇಳೆಯನ್ನು ನಾಲ್ಕು ಗೋಣಿ ಕೊಂಡು ಹಾಕಿದವನು ನಾನೇ. ಹಳೆಯ ಉದ್ದು ರುಬ್ಬಿದಾಗ ನೊರೆ ಹಿಡಿಯುವುದಿಲ್ಲ. ಆ ಹಿರಿಯರನ್ನು ಹುಡುಕಿ ಕ್ಷಮೆ ಕೇಳಬೇಕೆಂದು ಎರಡು ಕಡೆ ವಿಚಾರಿಸಿದೆ. ಅವರು ಕೆಲಸ ಬಿಟ್ಟು ಊರು ಸೇರಿದ್ದರು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಬೋಲ್ಡರಿನವರ ಕಾಗದದ ವಿಷಯವನ್ನು ಓದಿದ ದಿನ ನನಗೆ ಆ ಹಿರಿಯರ ನೆನಪಾಯಿತು. ಅಂದು ನಾನೂ ಕುಳಿತು ಧಾನ್ಯ, ನೀರು, ಹವೆ, ಪಾತ್ರೆ, ಹೊತ್ತು ಎಂದು ಐದು ಸಾಲು ಬರೆದಿದ್ದರೆ ಮೊದಲನೆಯ ಸಾಲಿನಲ್ಲಿಯೇ ನನ್ನ ಹೆಸರು ಸಿಕ್ಕುತ್ತಿತ್ತು.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ವಾರ್ಷಿಕೋತ್ಸವವನ್ನು ನಡೆಸುತ್ತವೆ, ನಾಟಕವಾಡಿಸುತ್ತವೆ, ಮಾಲೀಕರಿಗೆ ಶಾಲು ಹೊದಿಸುತ್ತವೆ. ಆ ದಿನ ಒಂದು ಇಡ್ಲಿ ಸ್ಪರ್ಧೆಯನ್ನೂ ಏರ್ಪಡಿಸಬಾರದೇಕೆ? ತಟ್ಟೆಗೆ ಸಂಖ್ಯೆ ಮಾತ್ರವಿರಲಿ, ಹೋಟೆಲಿನ ಹೆಸರು ಬೇಡ. ಹಿರಿಯ ಭಟ್ಟರೇ ಪರೀಕ್ಷಕರಾಗಲಿ. ಗೆದ್ದವರ ಹೆಸರನ್ನು ಓದುವಾಗ ಮಾಲೀಕನ ಹೆಸರಿಗೆ ಬದಲಾಗಿ ಹಿಟ್ಟು ರುಬ್ಬಿದವನ ಹೆಸರನ್ನು ಓದಲಿ. ಗೆಲ್ಲದವರಿಗೂ ಕಾರಣವನ್ನು ಬರೆದ ಕಾಗದವೊಂದು ಕೈಸೇರಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಯಾವುದಾದರೊಂದು ಸಂಘವು ಮುಂದೆ ಬಂದರೆ, ಗೆದ್ದವರ ಹೆಸರುಗಳನ್ನು ಭಾವಚಿತ್ರ ಸಹಿತ ಈ ಪತ್ರಿಕೆಯಲ್ಲಿ ಅಚ್ಚು ಹಾಕುವ ಹೊಣೆಯನ್ನು ನಾನು ಹೊರುತ್ತೇನೆ.