ಫೇರಿ ಕ್ವೀನ್: ಎಳೆಯುವ ಎರಡೇ ಚಕ್ರ

ಫೇರಿ ಕ್ವೀನ್ ಎಂಜಿನ್ನಿಗೆ ಆರು ಚಕ್ರಗಳಿದ್ದರೂ ರೈಲನ್ನು ಎಳೆಯುವುದು ನಡುವಿನ ಎರಡೇ. ಉಳಿದವು ಭಾರ ಹೊರುತ್ತವೆ, ಅಷ್ಟೆ. ನಡುವಿನವು ಆರಡಿ ಎತ್ತರ. ಸಿಲಿಂಡರಿನೊಳಗೆ ಪಿಸ್ಟನ್ ಒಮ್ಮೆ ಹೋಗಿ ಬರುವಷ್ಟರಲ್ಲಿ ಈ ಚಕ್ರ ಒಂದು ಸುತ್ತು ಹಾಕಿ, ಎಂಜಿನ್ ಸುಮಾರು 5.7 ಮೀಟರ್ ಮುಂದೆ ಸಾಗಿರುತ್ತದೆ. ಚಕ್ರ ದೊಡ್ಡದಾದಷ್ಟೂ ಪಿಸ್ಟನ್ನಿಗೆ ಓಡಾಟ ಕಡಿಮೆ, ಗಾಡಿಗೆ ವೇಗ ಹೆಚ್ಚು. ಆದರೆ ಹಳಿಯನ್ನು ಕಚ್ಚಿ ಹಿಡಿಯುವ ಕೆಲಸವೆಲ್ಲ ಆ ಎರಡರದ್ದೇ. ಭಾರ ಹೆಚ್ಚಾದರೆ ಅವು ಇದ್ದಲ್ಲೇ ಜಾರಿ ಗಿರಗಿರನೆ ತಿರುಗುತ್ತವೆ. ಹಾಗಾಗಿಯೇ ಇದು ಹಗುರ ಪ್ಯಾಸೆಂಜರ್ ಗಾಡಿಗೆ ಹೇಳಿಮಾಡಿಸಿದ ಎಂಜಿನ್; ಗೂಡ್ಸ್ ಎಳೆಯುವುದು ಇದರ ಕೆಲಸವಲ್ಲ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಿಟ್ಸನ್ ಕಂಪನಿ ಇದನ್ನು ಕಟ್ಟಿದ್ದು 1855ರಲ್ಲಿ. ಈಸ್ಟ್ ಇಂಡಿಯನ್ ರೈಲ್ವೆಯ 22ನೇ ಎಂಜಿನ್ ಆಗಿ ಹೌರಾ–ರಾಣಿಗಂಜ್ ಮಾರ್ಗದಲ್ಲಿ ಓಡಿತು. 1857ರ ದಂಗೆಯ ಹೊತ್ತಿಗೆ ಸೈನಿಕರ ಗಾಡಿಯನ್ನೂ ಎಳೆಯಿತು. 1909ರಲ್ಲಿ ನಿವೃತ್ತಿ. ಮೊದಲು ಹೌರಾದಲ್ಲಿ, 1943ರಿಂದ ಚಂದೌಸಿಯ ರೈಲ್ವೆ ತರಬೇತಿ ಶಾಲೆಯಲ್ಲಿ, ಕೊನೆಗೆ ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನದ ವಸ್ತುವಾಗಿ ನಿಂತಿತ್ತು.

ನಿಂತ ಎಂಜಿನ್ನಿಗೆ ಬಣ್ಣ ಬಳಿದರೆ ಸಾಕು. ಓಡಿಸಬೇಕೆಂದರೆ ಮೊದಲು ಬಾಯ್ಲರನ್ನು ನಂಬುವಂತಾಗಬೇಕು. ನೀರು ಉಗಿಯಾದಾಗ ಸಾಮಾನ್ಯ ಒತ್ತಡದಲ್ಲಿ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗನ್ನು ಅದುಮಿ ಹಿಡಿಯುವ ತಗಡು ಒಳಗೊಳಗೇ ತುಕ್ಕು ತಿಂದಿದ್ದರೆ ಅನಾಹುತ ಖಚಿತ. ಆದ್ದರಿಂದ ಬಾಯ್ಲರಿಗೆ ಮೊದಲು ತಣ್ಣೀರನ್ನೇ ತುಂಬಿ, ಓಡಿಸುವಾಗಿನದಕ್ಕಿಂತ ಹೆಚ್ಚಿನ ಒತ್ತಡ ಹಾಕಿ ನೋಡುತ್ತಾರೆ. ನೀರು ಉಗಿಯಂತೆ ಕುಗ್ಗುವುದಿಲ್ಲ. ತಗಡು ಬಿರಿದರೂ ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. ಎಷ್ಟು ಸರಳ, ಎಷ್ಟು ಜಾಣ ಉಪಾಯ!

1997ರಲ್ಲಿ ಫೇರಿ ಕ್ವೀನ್ ಮತ್ತೆ ಉಗಿಯ ಬಲದಿಂದ ಓಡಿತು. ದೆಹಲಿ–ಅಲ್ವರ್ ಪ್ರವಾಸಿ ರೈಲನ್ನು ಎಳೆದು, ನಿಯಮಿತ ಸೇವೆಯಲ್ಲಿರುವ ಜಗತ್ತಿನ ಅತಿ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ದಾಖಲೆ ಸೇರಿತು. ಮುಂದೆ ಬಿಡಿಭಾಗಗಳು ಕಳುವಾದವು; ಚೆನ್ನೈನ ಪೆರಂಬೂರು ಕಾರ್ಖಾನೆಯವರು ಅದನ್ನು ರಿಪೇರಿ ಮಾಡಿಕೊಟ್ಟರು. ಇದರ ಜೋಡಿ, 21ನೇ ಎಂಜಿನ್ ‘ಎಕ್ಸ್‌ಪ್ರೆಸ್’ ಅನ್ನು 2010ರಲ್ಲಿ ಎಬ್ಬಿಸಿದವರೂ ಅವರೇ.

ಓಡಿಸಿದರೆ ಹಳೆಯ ಭಾಗಗಳು ಸವೆಯುತ್ತವೆ, ಹೊಸದನ್ನು ಜೋಡಿಸಬೇಕಾಗುತ್ತದೆ, ಮೂಲರೂಪ ಕರಗುತ್ತದೆ ಎಂಬ ಆಕ್ಷೇಪ ನಿಜವೇ. ಆದರೂ ನನಗೆ ಓಡುವ ಎಂಜಿನ್ನೇ ಬೇಕು. ಕಲ್ಲಿದ್ದಲನ್ನು ಎಷ್ಟು ದಪ್ಪ ಹರಡಬೇಕು, ಏರಿಗೆ ಮುಂಚೆ ಉಗಿ ಯಾವಾಗ ಕೂಡಿಹಾಕಬೇಕು ಎಂಬುದನ್ನು ಫೈರ್‌ಮನ್ ಉರಿಯುವ ಒಲೆಯ ಮುಂದೆಯೇ ಕಲಿಯಬೇಕು. ಹರಿಯಾಣದ ರೇವಾಡಿಯ ಉಗಿ ಎಂಜಿನ್ ಷೆಡ್ಡಿನಲ್ಲಿ ಆ ಕಲಿಕೆಗೆ ಇನ್ನೂ ಜಾಗವಿದೆ.